ಕುಡಿದದ್ದು ಕಾವೇರಿ, ಬಿಟ್ಟದ್ದು ಪಿನಾಕಿನಿಗೆ

ಹೊಸೂರಿನ ಪಕ್ಕದ ಕೆಲವರಪಲ್ಲಿ ಜಲಾಶಯದ ಗೇಟು ಎತ್ತಿದ ಮಳೆಗಾಲದಲ್ಲೆಲ್ಲ ಒಂದೇ ಬಗೆಯ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಆಳೆತ್ತರದ ಬಿಳಿ ನೊರೆ, ಅದರಡಿ ಕಾಣದಂತಾದ ತಗ್ಗಿನ ಸೇತುವೆ, ಮೂಗಿಗೆ ಬಟ್ಟೆ ಹಿಡಿದು ನಿಂತ ಜನ. ತಮಿಳುನಾಡಿನ ಅಧಿಕಾರಿಗಳು ಬಂದು ಬಾಟಲಿಗಳಲ್ಲಿ ನೀರಿನ ಮಾದರಿ ತುಂಬಿಕೊಂಡು ಹೋಗುತ್ತಾರೆ. ಕರ್ನಾಟಕದ ಕಡೆಯಿಂದ ‘ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಕೆಲಸ ಪ್ರಗತಿಯಲ್ಲಿದೆ’ ಎಂಬ ಉತ್ತರ ಹೋಗುತ್ತದೆ. ಮಳೆ ಕಡಿಮೆಯಾದ ಮೇಲೆ ನೊರೆ ಇಳಿಯುತ್ತದೆ, ಸುದ್ದಿಯೂ ಇಳಿಯುತ್ತದೆ.

ನೊರೆ ಕಾಣಿಸಿಕೊಳ್ಳುವುದು ಗಡಿಯಾಚೆ. ಅದು ಹುಟ್ಟುವುದು ಮಾತ್ರ ಬೆಂಗಳೂರಿನ ಬಚ್ಚಲುಮನೆಗಳಲ್ಲಿ, ಮ್ಯಾನ್‌ಹೋಲುಗಳಲ್ಲಿ, ರಾಜಕಾಲುವೆಗಳಲ್ಲಿ. ಗಡಿಯ ಊರಿನ ಹೊಳೆ ಹೇಗಿರಬೇಕೆಂದು ತೀರ್ಮಾನಿಸುವುದು ಆ ಊರಲ್ಲ. ಮೇಲಿನ ಊರು ತನ್ನ ನೀರಿನ ಪೈಪಿಗೆ ಎಷ್ಟು ಖರ್ಚು ಮಾಡಿತು, ಕೊಳಚೆಯ ಪೈಪಿಗೆ ಎಷ್ಟು ಮಾಡಿತು ಎಂಬ ಲೆಕ್ಕ. ದಕ್ಷಿಣ ಪಿನಾಕಿನಿಯ ಕತೆಯಲ್ಲಿ ಈ ಲೆಕ್ಕ ಎದ್ದು ಕಾಣುತ್ತದೆ.

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಈ ಹೊಳೆ ಚಿಕ್ಕಬಳ್ಳಾಪುರ, ಹೊಸಕೋಟೆ ಸೀಮೆ ದಾಟಿ, ಮುಗಳೂರಿನ ಮಗ್ಗುಲಲ್ಲಿ ಹಾದು, ಬಾಗಲೂರಿನ ಕಡೆಯಿಂದ ತಮಿಳುನಾಡು ಸೇರುತ್ತದೆ. ಅಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಕೆಲವರಪಲ್ಲಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ಹಾದು ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಮೂಲದಲ್ಲಿ ಇದು ಮಳೆಗಾಲದ ಹೊಳೆ. ಸುತ್ತಲಿನ ಕೆರೆಗಳು ತುಂಬಿ ಕೋಡಿ ಹರಿದರೆ ನೀರು, ಇಲ್ಲದಿದ್ದರೆ ಬರೀ ಮರಳು. ಹಿಂದಿನ ತಲೆಮಾರಿನ ರೈತರು ಕಂಡದ್ದು ಅಂಥ ಹೊಳೆಯನ್ನು. ಈಗ ಮುಗಳೂರಿನ ಕೆಳಗೆ ಬೇಸಿಗೆಯಲ್ಲೂ ಹರಿವು ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಹರಿಯುವ ಆ ನೀರು ನಂದಿಬೆಟ್ಟದ್ದಲ್ಲ. ಅದರ ಬಹುಪಾಲು ಬೆಂಗಳೂರು ಬಳಸಿ ಬಿಟ್ಟದ್ದು.

ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಹಿಡಿದು ಬೈರಮಂಗಲದ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಎರಡು ದಾರಿ ಹಿಡಿಯುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ, ಹೆಬ್ಬಾಳ ಕಣಿವೆಯದು ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ, ಎರಡೂ ಕೊನೆಗೆ ಪಿನಾಕಿನಿಗೆ. ಐಟಿ ಕಂಪನಿಗಳು, ಹೊರವರ್ತುಲ ರಸ್ತೆಯ ಅಪಾರ್ಟ್‌ಮೆಂಟ್‌ಗಳು, ವೈಟ್‌ಫೀಲ್ಡು, ಮಾರತ್‌ಹಳ್ಳಿ ಎಲ್ಲ ಬೆಳೆದದ್ದು ಈ ಪೂರ್ವದ ಇಳಿಜಾರಿನಲ್ಲೇ. ನಗರದ ಬೆಳವಣಿಗೆ ಯಾವ ದಿಕ್ಕಿಗೆ ಹೋಯಿತೋ ಕೊಳಚೆಯ ಭಾರವೂ ಆ ದಿಕ್ಕಿನ ಹೊಳೆಗೆ ಹೋಯಿತು.

ಆ ಭಾರ ಬಂದದ್ದು ಎಲ್ಲಿಂದ? ಕಾವೇರಿಯಿಂದ. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರು ಅದು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. ನಾಲ್ಕು ಹಂತ ಮುಗಿಯುವಾಗ 1,450 ಎಂಎಲ್‌ಡಿ, ಅಂದರೆ ದಿನಕ್ಕೆ 145 ಕೋಟಿ ಲೀಟರ್ ಆಯಿತು. 2024ರ ಅಕ್ಟೋಬರಿನಲ್ಲಿ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಐದನೇ ಹಂತ ಇನ್ನೂ 775 ಎಂಎಲ್‌ಡಿ ಸಾಮರ್ಥ್ಯ ಸೇರಿಸಿತು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಐದೂ ಹಂತ ಪೂರ್ತಿ ಹರಿದರೆ ಕಾವೇರಿಯೊಂದರಿಂದಲೇ ದಿನಕ್ಕೆ ಸುಮಾರು 178 ಕೋಟಿ ಲೀಟರ್ ಕೊಳಚೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಇದರ ಮೇಲೆ. ಜಲಮಂಡಳಿಯ ಎಲ್ಲ ಶುದ್ಧೀಕರಣ ಘಟಕಗಳ ಸಾಮರ್ಥ್ಯ ಕೂಡಿಸಿದರೆ ಸಿಗುವುದು 1,300 ಎಂಎಲ್‌ಡಿಯ ಆಸುಪಾಸು, ಅಂದರೆ 130 ಕೋಟಿ ಲೀಟರ್. ಅದೂ ಕಾಗದದ ಮೇಲಿನ ಸಾಮರ್ಥ್ಯ. ಅಷ್ಟೂ ಕೊಳಚೆ ಘಟಕದ ಬಾಗಿಲಿಗೆ ತಲುಪಿದರೆ ಮಾತ್ರ.

ತಲುಪುತ್ತದೆಯೇ ಎಂಬುದೇ ಪ್ರಶ್ನೆ. ಎಸ್‌ಟಿಪಿ ಎಂಬುದು ಕೊಳಚೆ ವ್ಯವಸ್ಥೆಯ ಕೊನೆಯ ಮನೆ. ಅದಕ್ಕೆ ಮುಂಚೆ ಮನೆಯಿಂದ ಬೀದಿಯ ಪೈಪು, ಬೀದಿಯಿಂದ ಟ್ರಂಕ್ ಲೈನು, ಅಲ್ಲಿಂದ ವೆಟ್‌ವೆಲ್ ಮತ್ತು ಪಂಪು ಇಷ್ಟೂ ಸರಿಯಿರಬೇಕು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಸುತ್ತಲಿನ ನಗರಸಭೆಗಳ ಜತೆ 110 ಹಳ್ಳಿಗಳೂ ನಗರಕ್ಕೆ ಸೇರಿದವು. ಹಳ್ಳಿ ಎಂಬ ಹೆಸರು ಬಿಟ್ಟರೆ ಅಲ್ಲಿ ಹಳ್ಳಿಯದೇನೂ ಉಳಿದಿರಲಿಲ್ಲ. ಹತ್ತು ಮಹಡಿಯ ಕಟ್ಟಡಗಳು ಎದ್ದಿದ್ದವು, ಯುಜಿಡಿ (ಒಳಚರಂಡಿ) ಇರಲಿಲ್ಲ. ಜನ ಪಿಟ್ಟು ತೋಡಿಕೊಂಡರು. ಪಿಟ್ಟು ತುಂಬಿದಾಗ ಲಾರಿ ಕರೆಸಿ ಹೀರಿಸಿದರು. ಲಾರಿಯವನು ಅದನ್ನು ಎಲ್ಲಿ ಸುರಿದನೆಂದು ಕೇಳಿದವರು ಕಡಿಮೆ. ಇನ್ನು ಕೆಲವರು ಕೊಳಚೆಯ ಪೈಪನ್ನು ನೇರವಾಗಿ ಮಳೆನೀರು ಹರಿಯುವ ರಾಜಕಾಲುವೆಗೆ ತಿರುಗಿಸಿದರು. ದೊಡ್ಡ ಅಪಾರ್ಟ್‌ಮೆಂಟ್‌ಗಳಿಗೆ ಸ್ವಂತ ಎಸ್‌ಟಿಪಿ ಕಡ್ಡಾಯವಾಯಿತು. ಕರೆಂಟು ಬಿಲ್ಲು, ಆಪರೇಟರ್ ಸಂಬಳ, ವಾಸನೆಯ ಜಗಳ ಎಲ್ಲ ಸೇರಿ, ಕೆಲವು ಕಡೆ ಚೆನ್ನಾಗಿ ನಡೆಯುವ ಘಟಕ ಇನ್ನು ಕೆಲವು ಕಡೆ ತಪಾಸಣೆಯ ದಿನಕ್ಕಷ್ಟೇ ಓಡುತ್ತದೆ.

ಹಳೆಯ ನಗರದಲ್ಲಿ ಯುಜಿಡಿ ಇದೆ, ಆದರೆ ಅಲ್ಲಿನ ತೊಂದರೆ ಬೇರೆ. ಇಳಿಜಾರು ಬೇಕೆಂಬ ಕಾರಣಕ್ಕೆ ಟ್ರಂಕ್ ಲೈನುಗಳನ್ನು ಬಹಳ ಕಡೆ ರಾಜಕಾಲುವೆಯ ಪಕ್ಕದಲ್ಲೇ ಹಾಕಿದ್ದಾರೆ. ಪೈಪು ಒಡೆದರೆ, ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕಿದರೆ ಕೊಳಚೆ ಬೀಳುವುದು ರಾಜಕಾಲುವೆಗೇ. ಮಳೆ ಬಂದರೆ ತಾರಸಿಯ ನೀರು ಕಳ್ಳದಾರಿಯಲ್ಲಿ ಯುಜಿಡಿಗೆ ನುಗ್ಗುತ್ತದೆ. ಅಷ್ಟು ನೀರನ್ನು ಹೊರುವ ಗಾತ್ರ ಆ ಪೈಪಿಗಿಲ್ಲ. ಮುಚ್ಚಳ ಎತ್ತಿಕೊಂಡು ಎಲ್ಲವೂ ರಸ್ತೆಗೆ, ರಸ್ತೆಯಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗೆ. ಒಂದೇ ದಾರಿಯನ್ನು ಮಳೆನೀರೂ ಕೊಳಚೆಯೂ ಹಂಚಿಕೊಂಡಾಗ ಕೆರೆಗೆ ಯಾವುದು ಎಷ್ಟು ಬಂತೆಂದು ಯಾರೂ ಹೇಳಲಾಗದು.

ಈಗ ನೊರೆಯ ವಿಷಯ. ಅದು ‘ಕೆಮಿಕಲ್’ ಎಂದಷ್ಟೇ ಹೇಳಿ ಸುಮ್ಮನಾಗುವವರು ಹೆಚ್ಚು. ಬಟ್ಟೆ, ಪಾತ್ರೆ, ತಲೆ ತೊಳೆಯುವ ಪುಡಿ–ದ್ರಾವಣಗಳಲ್ಲಿ ಕೊಳೆ ಬಿಡಿಸುವ ರಾಸಾಯನಿಕವಿರುತ್ತದೆ. ಆಮ್ಲಜನಕ ಸಾಕಷ್ಟಿರುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಬೇಗ ತಿಂದು ಮುಗಿಸುತ್ತವೆ. ಆಮ್ಲಜನಕವೇ ಇಲ್ಲದ ನೀರಿನಲ್ಲಿ ಅದು ಹಾಗೇ ಉಳಿಯುತ್ತದೆ. ಹಸಿ ಕೊಳಚೆ ತುಂಬಿದ ಕೆರೆಯಲ್ಲಿ ಆಮ್ಲಜನಕವೆಲ್ಲ ಮಲವನ್ನು ಕೊಳೆಯಿಸುವುದರಲ್ಲೇ ಖರ್ಚಾಗಿರುತ್ತದೆ. ಹಾಗಾಗಿ ಸಾಬೂನಿನ ಅಂಶ ತಳದ ಕೆಸರಿನಲ್ಲೂ ನೀರಿನಲ್ಲೂ ಸೇರುತ್ತ ಹೋಗುತ್ತದೆ. ಮಳೆ ಬಂದು ಕೆರೆ ಕದಡಿದಾಗ, ನೀರು ಕೋಡಿಯಿಂದ ಧುಮುಕಿ ಗಾಳಿಯ ಜತೆ ಬೆರೆತಾಗ, ಅಷ್ಟೂ ನೊರೆಯಾಗಿ ಏಳುತ್ತದೆ. ವರ್ತೂರು ಕೋಡಿಯಲ್ಲಿ ಆಗುವುದು ಇದೇ, ಕೆಲವರಪಲ್ಲಿ ಗೇಟಿನಲ್ಲಿ ಆಗುವುದೂ ಇದೇ. ನಡುವೆ ಹತ್ತಾರು ಮೈಲಿ ಹರಿದರೂ ಹೊಳೆ ತನ್ನನ್ನು ತಾನು ತೊಳೆದುಕೊಳ್ಳಲಿಲ್ಲ ಎಂಬುದಕ್ಕೆ ಆ ನೊರೆಯೇ ಸಾಕ್ಷಿ. ನೊರೆ ಇಲ್ಲದ ತಿಂಗಳುಗಳಲ್ಲಿ ನೀರು ಶುದ್ಧವೆಂದು ತಿಳಿದರೆ ಮೋಸ ಹೋದಂತೆ. ಆಗ ಅದು ಸದ್ದಿಲ್ಲದೆ ಹರಿಯುತ್ತಿರುತ್ತದೆ, ಅಷ್ಟೆ.

ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆ ಉರಿದಾಗ ಆರಿಸಲು ಸೈನಿಕರು ಇಳಿಯಬೇಕಾಯಿತು. ಆ ವರ್ಷದ ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸರ್ಕಾರಕ್ಕೆ ದಂಡ ಹಾಕಿತು, ಕೆರೆಗಳ ಪುನಶ್ಚೇತನಕ್ಕೆ 500 ಕೋಟಿ ರೂಪಾಯಿ ತೆಗೆದಿಡಲು ಹೇಳಿತು. ಅನಂತರ ಹೂಳೆತ್ತುವ ಕೆಲಸ ನಡೆದಿದೆ, ಹೊಸ ಘಟಕಗಳು ಬಂದಿವೆ, ನಾಲೆಗಳ ದಿಕ್ಕು ಬದಲಿಸಿದ್ದಾರೆ. ಇಷ್ಟಾದ ಮೇಲೂ ಮೂಲದ ಲೆಕ್ಕ ಹೊಂದಿಕೆಯಾಗದೆ ಕೆಳಗಿನ ಹೊಳೆ ಸುಧಾರಿಸದು. ಕೆರೆ ಎಂಬುದು ದಾರಿಯಲ್ಲಿನ ಒಂದು ನಿಲ್ದಾಣ. ಅದನ್ನು ತೊಳೆದರೆ ಕೊಳಚೆ ನಿಲ್ಲುವುದಿಲ್ಲ, ಬೇರೆ ನಿಲ್ದಾಣ ಹುಡುಕಿಕೊಳ್ಳುತ್ತದೆ.

ಈ ನಡುವೆ ಇನ್ನೊಂದು ತಿರುವು ಬಂತು. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಹೆಸರಿನ ಕೆ.ಸಿ. ವ್ಯಾಲಿ ಯೋಜನೆ ಶುರುವಾಯಿತು. ಬೆಂಗಳೂರಿನಲ್ಲಿ ಎರಡು ಹಂತದಲ್ಲಿ ಶುದ್ಧೀಕರಿಸಿದ 440 ಎಂಎಲ್‌ಡಿ ನೀರನ್ನು ಕೋಲಾರದ ಕೆರೆಗಳಿಗೆ ತುಂಬುವ ಯೋಜನೆ ಅದು. ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 210 ಎಂಎಲ್‌ಡಿ ಒಯ್ಯುವ ಇನ್ನೊಂದು ಯೋಜನೆಯೂ ಬಂತು. ಬರದಿಂದ ಕಂಗೆಟ್ಟಿದ್ದ ಕೋಲಾರದಲ್ಲಿ ಬತ್ತಿದ ಬೋರ್‌ವೆಲ್‌ಗಳಿಗೆ ಮತ್ತೆ ನೀರು ಬಂದದ್ದನ್ನು ರೈತರು ಹೇಳುತ್ತಾರೆ. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಅಂತರ್ಜಲಕ್ಕೆ ಬಿಡಬಾರದಿತ್ತೆಂದು ತಜ್ಞರು ಹೇಳುತ್ತಾರೆ. ಎರಡೂ ಮಾತು ನಿಜ. ಪಿನಾಕಿನಿಯ ದಂಡೆಯಲ್ಲಿ ನಿಂತು ನೋಡುವವರಿಗೆ ಮೂರನೆಯದೊಂದು ಕಾಣುತ್ತದೆ: ಶುದ್ಧೀಕರಿಸಿದ ಪಾಲು ಪೈಪಿನಲ್ಲಿ ಕೋಲಾರಕ್ಕೆ ಹೋಯಿತು, ಶುದ್ಧೀಕರಣಕ್ಕೆ ಸಿಗದ ಪಾಲು ಹೊಳೆಯಲ್ಲಿ ಹೊಸೂರಿಗೆ ಹೋಯಿತು. ಒಳ್ಳೆಯದನ್ನು ಎತ್ತಿಕೊಂಡು ಕೆಟ್ಟದ್ದನ್ನು ಹರಿಯಬಿಟ್ಟರೆ ಹೊಳೆಯಲ್ಲಿ ಉಳಿದ ನೀರು ಇನ್ನಷ್ಟು ಕೆಡದೆ ಇರುತ್ತದೆಯೇ?

ಕೆಲವರಪಲ್ಲಿಯ ಕಾಲುವೆಗಳು ಸುಮಾರು 8,000 ಎಕರೆಗೆ ನೀರುಣಿಸುತ್ತವೆ. ಹೊಸೂರು, ಬಾಗಲೂರು ಸೀಮೆಯ ಜನ ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ಬಳಸಬಲ್ಲವರು. ರಾಜ್ಯದ ಗಡಿ ಅವರಿಗೆ ಚೆಕ್‌ಪೋಸ್ಟಿನಲ್ಲಷ್ಟೇ ನೆನಪಾಗುವಂಥದ್ದು. ಅಲ್ಲಿ ಬೆಳೆದ ಗುಲಾಬಿ, ಟೊಮೆಟೊ, ಎಲೆಕೋಸು, ದಪ್ಪ ಮೆಣಸಿನಕಾಯಿ ಬೆಳಗಿನ ಜಾವದ ಗಾಡಿಗಳಲ್ಲಿ ಬೆಂಗಳೂರಿನ ಮಾರುಕಟ್ಟೆಗಳಿಗೆ ಬರುತ್ತವೆ. ನಾವು ಗಡಿಯಾಚೆಗೆ ಬಿಟ್ಟ ನೀರಿನ ಜತೆ ನಮ್ಮ ಸಂಬಂಧ ಮುಗಿಯಿತೆಂದು ಅಂದುಕೊಳ್ಳುವ ಹಾಗಿಲ್ಲ. ಹಾಗೆಂದು ತಪ್ಪೆಲ್ಲ ಒಂದೇ ಕಡೆಯದೂ ಅಲ್ಲ. ಹೊಸೂರೂ ಕೈಗಾರಿಕೆಗಳಿಂದ ದಿನದಿನಕ್ಕೆ ಹಿಗ್ಗುತ್ತಿರುವ ಊರು. ಅದರ ಕೊಳಚೆಯೂ ಇದೇ ಕಣಿವೆಗೆ ಇಳಿಯುವಂಥದ್ದು, ಕೃಷ್ಣಗಿರಿಯವರು ಕೆಳಗೆ ಕಾದಿದ್ದಾರೆ. ಹೊಳೆಯ ದಂಡೆಯಲ್ಲಿ ಪ್ರತಿ ಊರೂ ಯಾರಿಗೋ ಕೆಳಗಿನದು, ಯಾರಿಗೋ ಮೇಲಿನದು.

ಇದೇ ಮಾತು ನಮ್ಮ ಉತ್ತರದ ಗಡಿಯಲ್ಲಿ ತಿರುಗುಮುರುಗಾಗುತ್ತದೆ. ಕೊಲ್ಹಾಪುರ, ಇಚಲಕರಂಜಿಗಳ ಕೊಳಚೆಯನ್ನೂ ಬಟ್ಟೆ ಗಿರಣಿಗಳ ಬಣ್ಣವನ್ನೂ ಹೊತ್ತ ಪಂಚಗಂಗಾ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆ ಮುಂದೆ ಬರುವುದು ನಮ್ಮ ಚಿಕ್ಕೋಡಿ, ಅಥಣಿಗಳ ಕಡೆಗೆ. ಇಚಲಕರಂಜಿಯಲ್ಲಿ 2012ರಲ್ಲಿ ಕಾಮಾಲೆ ಹರಡಿ ಜನ ಸತ್ತಾಗ ಗಡಿಯ ಈಚೆ ನಾವೂ ಬೆಚ್ಚಿದ್ದೆವು. ಕೃಷ್ಣೆಯ ದಂಡೆಯಲ್ಲಿ ನಿಂತು ಮಹಾರಾಷ್ಟ್ರವನ್ನು ಕೇಳುವ ಪ್ರಶ್ನೆಯನ್ನೇ ಪಿನಾಕಿನಿಯ ದಂಡೆಯಲ್ಲಿ ತಮಿಳುನಾಡು ನಮ್ಮನ್ನು ಕೇಳುತ್ತಿದೆ. ಕೆಳಗಿದ್ದಾಗ ಒಂದು ನ್ಯಾಯ, ಮೇಲಿದ್ದಾಗ ಇನ್ನೊಂದು ಎಂದರೆ ಯಾರೂ ಒಪ್ಪುವುದಿಲ್ಲ.

ಹಾಗಿದ್ದರೂ ಗಡಿ ಹೊಳೆಗಳ ಬಗ್ಗೆ ನಮ್ಮಲ್ಲಿ ನಡೆಯುವ ಜಗಳವೆಲ್ಲ ಹೆಚ್ಚಾಗಿ ಪ್ರಮಾಣದ್ದೇ. ಎಷ್ಟು ಟಿಎಂಸಿ ಬಿಟ್ಟಿರಿ, ಎಷ್ಟು ತಡೆದಿರಿ? ಮದ್ರಾಸ್ ಪ್ರೆಸಿಡೆನ್ಸಿ ಮತ್ತು ಮೈಸೂರು ಸಂಸ್ಥಾನದ 1892ರ ಒಪ್ಪಂದವನ್ನು ಇಂದಿಗೂ ಎತ್ತಿಕೊಂಡು ವಾದ ನಡೆಯುತ್ತದೆ. ಪಿನಾಕಿನಿಯ ಉಪನದಿ ಮಾರ್ಕಂಡೇಯದ ಮೇಲೆ ಯರಗೋಳು ಅಣೆಕಟ್ಟು ಕಟ್ಟಿದ್ದಕ್ಕೆ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಕೋರ್ಟು ತಡೆ ಕೊಡದೆ ನ್ಯಾಯಮಂಡಳಿಯ ದಾರಿ ತೋರಿಸಿತು. ಗುಣಮಟ್ಟದ ಬಗ್ಗೆಯೂ ದೂರುಗಳು ಕೋರ್ಟು, ಹಸಿರು ಪೀಠಗಳ ಮುಂದೆ ಬಂದಿವೆ. ಆದರೆ ಟಿಎಂಸಿಯ ಜಗಳಕ್ಕೆ ಎರಡೂ ಕಡೆ ಸರ್ವಪಕ್ಷ ಸಭೆ ಸೇರುತ್ತದೆ, ಕೊಳಚೆಯ ಜಗಳಕ್ಕೆ ಬಾಟಲಿ ಹಿಡಿದ ಅಧಿಕಾರಿ ಮಾತ್ರ ಬರುತ್ತಾನೆ. 1974ರ ಜಲಮಾಲಿನ್ಯ ಕಾಯ್ದೆ ರಾಜ್ಯಕ್ಕೊಂದು ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿಕೊಟ್ಟಿತು. ರಾಜ್ಯ ಮಂಡಳಿಗಳ ಕೆಲಸ ಹೊಂದಿಸುವುದು, ಅವುಗಳ ನಡುವಿನ ವ್ಯಾಜ್ಯ ಬಿಡಿಸುವುದು ಕೇಂದ್ರ ಮಂಡಳಿಯ ಕರ್ತವ್ಯವೆಂದು ಅದೇ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಹೊಳೆಗೆ ಒಬ್ಬ ಯಜಮಾನ ಬೇಕೆಂಬುದು ಕಾಯ್ದೆ ಬರೆದವರಿಗೂ ಹೊಳೆದಿತ್ತು; ಆಚರಣೆಯಲ್ಲಿ ಆ ಯಜಮಾನಿಕೆ ಕಾಣುವುದಿಲ್ಲ.

ಯಜಮಾನನೊಬ್ಬನಿದ್ದರೆ ಸಾಕೇ? ಅಮೆರಿಕ–ಮೆಕ್ಸಿಕೊ ಗಡಿಯನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅಲ್ಲಿ ಟಿಹುವಾನಾ ಎಂಬ ಮೆಕ್ಸಿಕೊದ ನಗರವಿದೆ. 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ 19 ಲಕ್ಷ ದಾಟಿತ್ತು. ಗಡಿಯಂಚಿನ ರಫ್ತು ಕಾರ್ಖಾನೆಗಳಿಗೆ ದುಡಿಯಲು ಬಂದವರಿಂದ ಬೆಳೆದ ನಗರ. ಅದು ಕುಡಿಯುವುದೂ ದೂರದ ನೀರನ್ನೇ. ಕೊಲರಾಡೊ ನದಿಯಿಂದ ಸಾವಿರ ಮೀಟರಿಗೂ ಹೆಚ್ಚು ಎತ್ತರದ ಬೆಟ್ಟ ಹತ್ತಿಸಿ ತಂದ ನೀರು ಅದು. ಬಳಸಿ ಬಿಟ್ಟದ್ದು ಟಿಹುವಾನಾ ನದಿಗೆ ಬೀಳುತ್ತದೆ. ಆ ನದಿ ಉತ್ತರಕ್ಕೆ ಹರಿದು, ಗಡಿ ದಾಟಿ, ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಬೀಚ್ ಎಂಬ ಪುಟ್ಟ ಊರಿನ ಬಳಿ ಸಮುದ್ರ ಸೇರುತ್ತದೆ. ಜಲಾನಯನದ ಮುಕ್ಕಾಲು ಪಾಲು ಮೆಕ್ಸಿಕೊದಲ್ಲಿ, ಕೊನೆಯ ಕೆಲವೇ ಮೈಲಿ ಅಮೆರಿಕದಲ್ಲಿ. ಕಾವೇರಿ ಕುಡಿದು ಪಿನಾಕಿನಿಗೆ ಬಿಡುವ ಬೆಂಗಳೂರಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ಏರ್ಪಾಡಿನಲ್ಲಿ. 1944ರ ಜಲ ಒಪ್ಪಂದದ ಪ್ರಕಾರ ಎರಡೂ ದೇಶಗಳ ಜಂಟಿ ಗಡಿ–ಜಲ ಆಯೋಗವೊಂದು ಇದೆ. ಗಡಿಯ ನೈರ್ಮಲ್ಯದ ಸಮಸ್ಯೆಗೆ ಆದ್ಯತೆ ಕೊಡಬೇಕೆಂದು ಒಪ್ಪಂದದಲ್ಲೇ ಬರೆದಿದೆ. 1990ರಲ್ಲಿ ಆಯೋಗ ಒಂದು ಅಪರೂಪದ ತೀರ್ಮಾನ ಮಾಡಿತು: ಮೆಕ್ಸಿಕೊದ ಕೊಳಚೆಯನ್ನು ಶುದ್ಧೀಕರಿಸುವ ಘಟಕವನ್ನು ಅಮೆರಿಕದ ನೆಲದಲ್ಲಿ ಕಟ್ಟುವುದು. 1997ರಲ್ಲಿ ಅದು ಶುರುವಾಯಿತು. ದಿನಕ್ಕೆ ಎರಡೂವರೆ ಕೋಟಿ ಗ್ಯಾಲನ್, ಅಂದರೆ ಸುಮಾರು 9.5 ಕೋಟಿ ಲೀಟರ್ ಸಾಮರ್ಥ್ಯ. ಎರಡನೇ ಹಂತದ ಶುದ್ಧೀಕರಣ ಸೇರಿದ್ದು 2011ರಲ್ಲಿ.

ಅಷ್ಟು ಹೊತ್ತಿಗೆ ಊರು ಘಟಕವನ್ನು ಮೀರಿ ಬೆಳೆದಿತ್ತು. ಮೆಕ್ಸಿಕೊದ ಕಡೆ ಪಂಪುಗಳು ಕೆಟ್ಟವು, ಪೈಪುಗಳು ಒಡೆದವು. ಗಡಿಯ ದಕ್ಷಿಣಕ್ಕೆ ಸಮುದ್ರದಂಡೆಯ ಪುಂತಾ ಬಂದೇರಾದಲ್ಲಿದ್ದ ಇನ್ನೊಂದು ಘಟಕ ಹೆಸರಿಗಷ್ಟೇ ಉಳಿದು ಹಸಿ ಕೊಳಚೆಯನ್ನೇ ಕಡಲಿಗೆ ಬಿಡತೊಡಗಿತು. ಅಮೆರಿಕದ ಕಡೆಯ ಘಟಕಕ್ಕೂ ದುರಸ್ತಿಯ ಹಣ ಸರಿಯಾಗಿ ಸಿಗಲಿಲ್ಲ. 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಮಳೆ ಬಂದಾಗ ಹೂಳು, ಕಸ ನುಗ್ಗಿ ಅದು ಇನ್ನಷ್ಟು ಕೆಟ್ಟಿತು. ಇಂಪೀರಿಯಲ್ ಬೀಚಿನ ಕಡಲತೀರ 2021ರ ಕೊನೆಯಿಂದ ಸಾವಿರಕ್ಕೂ ಹೆಚ್ಚು ದಿನ ಈಜುವವರಿಗೆ ಮುಚ್ಚಿತ್ತು.

ತೊಂದರೆ ನೀರಿನಲ್ಲೇ ನಿಲ್ಲಲಿಲ್ಲ. ಸ್ಯಾನ್‌ಡಿಯಾಗೋ ನಗರದ ಸ್ಯಾಟರ್ನ್ ಬುಲೆವಾರ್ಡ್ ಎಂಬ ರಸ್ತೆಯ ಕೆಳಗೆ ನದಿ ಮೋರಿಯ ಕೊಳವೆಗಳಿಂದ ಧುಮುಕುತ್ತದೆ. ಅಲ್ಲಿ ಏಳುವುದೂ ನೊರೆಯೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2024ರ ಸೆಪ್ಟೆಂಬರಿನಲ್ಲಿ ಆ ಜಾಗದ ಹತ್ತಿರ ಗಾಳಿ ಅಳೆದರು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಒಮ್ಮೆ ನೂರು ಕೋಟಿ ಭಾಗಕ್ಕೆ 4,500 ಭಾಗದವರೆಗೆ ಏರಿತ್ತು. ಆ ರಾಜ್ಯದ ಒಂದು ಗಂಟೆಯ ಮಿತಿ 30. ಕಲುಷಿತ ನದಿ ಗಾಳಿಯನ್ನೂ ಕೆಡಿಸುತ್ತದೆಂದು ತೋರಿಸಿದ ಈ ಅಧ್ಯಯನ 2025ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾತ್ರಿ ವಾಸನೆಗೆ ತಲೆನೋವು ಬರುತ್ತದೆಂದು ಆ ಬಡಾವಣೆಯವರು ವರ್ಷಗಟ್ಟಲೆ ಹೇಳಿಕೊಂಡು ಬಂದದ್ದನ್ನು ಯಂತ್ರ ಹೇಳಿದ ಮೇಲೆ ಎಲ್ಲರೂ ನಂಬಿದರು. ವರ್ತೂರು, ಕೆಲವರಪಲ್ಲಿಗಳ ದಂಡೆಯ ಮನೆಗಳಲ್ಲಿ ಗಾಳಿಯನ್ನು ಹೀಗೆ ಎಡೆಬಿಡದೆ ಅಳೆಯುವುದು ನಮ್ಮಲ್ಲೂ ಆಗಬೇಕಾದ ಕೆಲಸ.

ಗುಲ್ಲೆದ್ದ ಮೇಲೆ ಕೆಲಸ ಚುರುಕಾಯಿತು. ಪುಂತಾ ಬಂದೇರಾದ ಘಟಕವನ್ನು ಮೆಕ್ಸಿಕೊ ಹೊಸದಾಗಿ ಕಟ್ಟಿ 2025ರಲ್ಲಿ ಚಾಲೂ ಮಾಡಿತು. ಅಮೆರಿಕ ತನ್ನ ಘಟಕದ ಸಾಮರ್ಥ್ಯವನ್ನು ಅದೇ ವರ್ಷ ಮೂರೂವರೆ ಕೋಟಿ ಗ್ಯಾಲನ್‌ಗೆ ಏರಿಸಿತು, ಐದು ಕೋಟಿಗೆ ಏರಿಸುವ ಕೆಲಸ ಹಿಡಿದಿದೆ. ಜುಲೈನಲ್ಲಿ ಎರಡೂ ದೇಶಗಳು ಕಾಮಗಾರಿಗಳ ಪಟ್ಟಿ, ಗಡುವು ಬರೆದು ಸಹಿ ಹಾಕಿದವು. ಎಂಬತ್ತು ವರ್ಷದ ಒಪ್ಪಂದ, ಎರಡು ಸರ್ಕಾರಗಳ ಆಯೋಗ, ಡಾಲರಿನ ಹಣ ಎಲ್ಲ ಇದ್ದೂ ಇಷ್ಟು ತಡವಾಯಿತು. ಘಟಕ ಕಟ್ಟುವುದಕ್ಕೆ ಉತ್ಸಾಹ, ನಡೆಸುವುದಕ್ಕೆ ಉದಾಸೀನ ಎಂಬ ರೋಗ ನಮ್ಮೊಬ್ಬರದಲ್ಲ.

ಅದೇ ಗಡಿಯಲ್ಲಿ ಇನ್ನೊಂದು ಊರಿದೆ, ನೊಗಾಲೆಸ್. ಎರಡು ದೇಶಗಳಲ್ಲೂ ಅದೇ ಹೆಸರಿನ ಜೋಡಿ ಊರು. ಮೆಕ್ಸಿಕೊ ಕಡೆಯ ನೊಗಾಲೆಸ್‌ನ ಕೊಳಚೆ ನೆಲದಡಿಯ ಪೈಪಿನಲ್ಲಿ ಗಡಿ ದಾಟಿ ಅರಿಜೋನಾದ ರಿಯೊ ರಿಕೊ ಘಟಕಕ್ಕೆ ಬರುತ್ತದೆ. ಘಟಕ ಬಿಟ್ಟ ನೀರೇ ಸಾಂಟಾ ಕ್ರೂಜ್ ಎಂಬ ಮರುಭೂಮಿಯ ನದಿಗೆ ಅಲ್ಲಿ ವರ್ಷವಿಡೀ ಜೀವ. ಮೊದಲು ಆ ನೀರಿನಲ್ಲಿ ಅಮೋನಿಯ ಹೆಚ್ಚಿತ್ತು, ಮೀನು ಬದುಕುತ್ತಿರಲಿಲ್ಲ. 2009ರಲ್ಲಿ ಅಮೋನಿಯ ತೆಗೆಯುವಂತೆ ಘಟಕವನ್ನು ಮೇಲ್ದರ್ಜೆಗೇರಿಸಿದರು. ಮೀನುಗಳು ಮರಳಿದವು. ಅಳಿವಿನಂಚಿನ ಗಿಲಾ ಟಾಪ್‌ಮಿನೋ ಎಂಬ ಬೆರಳುದ್ದವೂ ಇಲ್ಲದ ಮೀನು 2015ರಲ್ಲಿ ಅಲ್ಲಿ ಮತ್ತೆ ಸಿಕ್ಕಿತು. ಹರಿಯುವುದು ಮೊದಲೂ ಕೊಳಚೆಯ ನೀರೇ, ಈಗಲೂ ಅದೇ. ಶುದ್ಧೀಕರಣದ ಒಂದು ಹಂತ ಹೆಚ್ಚಾಯಿತು, ಅಷ್ಟೆ. ಆ ಪೈಪು ಹಳತಾಗಿ ಸೋರುವ ತಲೆನೋವು ನೊಗಾಲೆಸ್‌ಗೂ ಇದೆ. ಆದರೂ ನಗರದ ಕೊಳಚೆಯಿಂದಲೇ ಒಂದು ಹೊಳೆಯನ್ನು ಬದುಕಿಸಬಹುದು ಎಂಬುದಕ್ಕೆ ಅದು ಪುರಾವೆ.

ಇದರಿಂದ ನಮ್ಮ ಪಿನಾಕಿನಿಗೆ ಸಿಗುವ ಪಾಠ ಕಷ್ಟದ್ದೇನಲ್ಲ. ಮೊದಲನೆಯದು ಕ್ರಮದ ಮಾತು. ಹೊಸ ನೀರಿನ ಕನೆಕ್ಷನ್ ಕೊಡುವ ಬೀದಿಗೆ ಯುಜಿಡಿ ಕನೆಕ್ಷನ್ ಜತೆಯಲ್ಲೇ ಹೋಗಬೇಕು, ಹಿಂದಿನಿಂದಲ್ಲ. ಐದನೇ ಹಂತದಲ್ಲಿ 110 ಹಳ್ಳಿಗಳ ಒಳಚರಂಡಿಯೂ ಯೋಜನೆಯ ಭಾಗವೇ ಆಗಿದೆ, ಅದು ಒಳ್ಳೆಯದು. ಆದರೆ ಉದ್ಘಾಟನೆಯ ದಿನ ಎಷ್ಟು ನೀರು ತಂದೆವೆಂದು ಹೇಳುವವರು ಎಷ್ಟು ಮನೆಯ ಕೊಳಚೆ ಘಟಕ ಮುಟ್ಟಿತೆಂದೂ ಹೇಳಬೇಕು. ಎರಡನೆಯದು ಅಳತೆ. ಎಸ್‌ಟಿಪಿಯ ಬಾಗಿಲಲ್ಲಿ ಅಳೆದರೆ ಘಟಕದ ಸುದ್ದಿ ಗೊತ್ತಾಗುತ್ತದೆ, ಹೊಳೆಯದಲ್ಲ. ಮುಗಳೂರಿನಲ್ಲಿ ನಮ್ಮ ಮಂಡಳಿಯೂ ಗಡಿಯಾಚೆ ಕೊಡಿಯಾಲಂ ಬಳಿ ತಮಿಳುನಾಡಿನದೂ ಬೇರೆಬೇರೆ ಬಾಟಲಿ ತುಂಬಿ ಬೇರೆಬೇರೆ ವರದಿ ಬರೆಯುವ ಬದಲು, ಗಡಿಯ ಒಂದು ಜಾಗದಲ್ಲಿ ಎರಡೂ ಮಂಡಳಿಗಳು ಒಪ್ಪಿದ ಯಂತ್ರವೊಂದು ದಿನವಿಡೀ ಆಮ್ಲಜನಕ, ಅಮೋನಿಯ ಅಳೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಆಗ ನೊರೆ ಬರುವವರೆಗೆ ಕಾಯಬೇಕಾಗಿಲ್ಲ, ಅಂಕಿಯನ್ನೇ ಮುಂದಿಟ್ಟು ಮಾತಾಡಬಹುದು.

ಮೂರನೆಯದು ದುರಸ್ತಿಯ ಹಣ. ಹೊಸ ಘಟಕಕ್ಕೆ ಶಂಕುಸ್ಥಾಪನೆ ಇರುತ್ತದೆ, ಫಲಕ ಇರುತ್ತದೆ. ರಾಜಕಾಲುವೆ ಪಕ್ಕದ ನಲವತ್ತು ವರ್ಷದ ಪೈಪು ಬದಲಿಸಿದರೆ ಯಾರ ಹೆಸರೂ ಕೆತ್ತುವುದಿಲ್ಲ. ಆದರೆ ಹೊಸೂರಿನ ರೈತನಿಗೆ ಘಟಕಕ್ಕಿಂತ ಆ ಪೈಪೇ ಮುಖ್ಯ. ಟಿಹುವಾನಾದಲ್ಲಿ ಹೊಳೆ ಕೆಟ್ಟದ್ದು ಘಟಕ ಇಲ್ಲದ್ದರಿಂದಲ್ಲ. ಇದ್ದ ಪಂಪು, ಪೈಪುಗಳನ್ನು ನೋಡಿಕೊಳ್ಳದೆ ಬಿಟ್ಟದ್ದರಿಂದ, ಊರು ಬೆಳೆದಂತೆ ಅವನ್ನು ಬೆಳೆಸದ್ದರಿಂದ. ನಾಲ್ಕನೆಯದು, ಕೇಂದ್ರ ಮಂಡಳಿ ತನ್ನ 16ನೇ ಸೆಕ್ಷನ್ನಿನ ಹೊಣೆಯನ್ನು ಕಾಗದದಿಂದ ಕೆಳಗಿಳಿಸಿ, ಪಿನಾಕಿನಿ, ಪಂಚಗಂಗಾಗಳಂಥ ಗಡಿ ಹೊಳೆಗಳಿಗೆ ಎರಡೂ ರಾಜ್ಯಗಳ ಎಂಜಿನಿಯರುಗಳು ಕೂತು ಮಾತಾಡುವ ಕಾಯಂ ಮೇಜೊಂದನ್ನು ಹಾಕಿಕೊಡಬೇಕು. ಕೋರ್ಟಿನ ತಾರೀಕಿಗೆ ಮಾತ್ರ ಭೇಟಿಯಾಗುವವರು ಪೈಪಿನ ಮಾತು ಆಡುವುದಿಲ್ಲ, ವಕೀಲರ ಮಾತು ಆಡುತ್ತಾರೆ.

ನೀರಿನ ಬಿಲ್ಲಿನಲ್ಲಿ ಒಳಚರಂಡಿಯ ಶುಲ್ಕವನ್ನೂ ಬೆಂಗಳೂರಿನವರು ಕಟ್ಟುತ್ತಾರೆ. ಕಟ್ಟಿದ ಮೇಲೆ ಕೇಳುವ ಹಕ್ಕೂ ಇದೆ. ನಮ್ಮ ಬಡಾವಣೆಗೆ ಕಾವೇರಿ ಯಾವಾಗ ಬರುತ್ತದೆಂದು ಎಂಜಿನಿಯರನ್ನು ಕೇಳುವಾಗಲೇ, ನಮ್ಮ ಮನೆಯ ಕೊಳಚೆ ಯಾವ ಘಟಕಕ್ಕೆ ಹೋಗುತ್ತದೆ ಎಂಬುದನ್ನೂ ಕೇಳಿ. ಉತ್ತರವಾಗಿ ಘಟಕದ ಹೆಸರು ಬರದಿದ್ದರೆ ಅದು ಹೋಗುತ್ತಿರುವುದು ಹೊಳೆಗೆ ಎಂದೇ ತಿಳಿಯಿರಿ.